ವ್ಯಾಟ್ ನೋಡಿ ಸ್ಪೀಕರ್ ತರುವವರಿಗೆ

ನಮ್ಮ ಭಾವ ಹೊಸ ಸ್ಪೀಕರ್ ತಂದಿದ್ದಾರೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 5000 ವ್ಯಾಟ್ ಪಿಎಂಪಿಒ, ಅಂದರೆ ಒಂದು ಕ್ಷಣ ಸಿಗಬಹುದೆಂದು ಕಂಪನಿ ಹೇಳಿಕೊಳ್ಳುವ ಗರಿಷ್ಠ ಶಕ್ತಿ. ಜೊತೆಗೆ ಬಂದ ಅಡಾಪ್ಟರ್ ತಿರುಗಿಸಿ ನೋಡಿದೆ: 12 ವೋಲ್ಟ್, 2 ಆಂಪಿಯರ್. ಗುಣಿಸಿದರೆ 24 ವ್ಯಾಟ್. ಒಳಗೆ ಹೋಗುವುದೇ ಅಷ್ಟು. ಮಿಕ್ಕಿದ್ದು ಎಲ್ಲಿಂದ ಬರಬೇಕು, ದೇವರಿಂದಲಾ?

ಮನೆಯಲ್ಲಿ ಹಳೇ ಸ್ಪೀಕರ್ ಬಿದ್ದಿದ್ದರೆ ಅದರ ಎರಡು ವೈರಿಗೆ ಒಂದು ಪೆನ್ಸಿಲ್ ಸೆಲ್ ಮುಟ್ಟಿಸಿ. ಟಪ್ ಅಂತ ಕಾಗದದ ಕೋನ್ ಮುಂದೆ ಬರುತ್ತದೆ. ಸೆಲ್ ತಿರುಗಿಸಿ ಮುಟ್ಟಿಸಿ, ಹಿಂದೆ ಹೋಗುತ್ತದೆ. ಹಾಗೇ ಒತ್ತಿ ಹಿಡಿದರೆ? ಕೋನ್ ಸುಮ್ನೆ ಅಲ್ಲೇ ನಿಂತಿರುತ್ತದೆ, ಸದ್ದೇ ಇಲ್ಲ. ಕೋನ್ ಅಲುಗಿದರೆ ಮಾತ್ರ ಗಾಳಿ ಅಲುಗುತ್ತದೆ, ಆಗಲೇ ನಮಗೆ ಕೇಳಿಸುವುದು.

ಕೋನಿನ ಬೆನ್ನಿಗೆ ತೆಳು ತಾಮ್ರದ ತಂತಿ ಸುತ್ತಿದ ಕಾಯಿಲ್ ಅಂಟಿಸಿರುತ್ತಾರೆ. ಅದು ಮ್ಯಾಗ್ನೆಟ್ಟಿನ ಸಣ್ಣ ಸಂದಿಯಲ್ಲಿ ಎಲ್ಲೂ ತಾಗದ ಹಾಗೆ ಕೂತಿರುತ್ತದೆ. ಕರೆಂಟ್ ಹರಿದಾಗ ಮ್ಯಾಗ್ನೆಟ್ ಅದನ್ನು ತಳ್ಳುತ್ತದೆ, ಕರೆಂಟ್ ದಿಕ್ಕು ಬದಲಾದರೆ ಎಳೆಯುತ್ತದೆ. ಆಂಪ್ಲಿಫೈಯರ್ ಈ ದಿಕ್ಕನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಬದಲಿಸುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರೈಸ್ ಮತ್ತು ಕೆಲಾಗ್ 1925ರಲ್ಲಿ ವಿವರಿಸಿದ ವಿನ್ಯಾಸವೇ ಇವತ್ತಿಗೂ ಹೆಚ್ಚುಕಡಿಮೆ ನಡೆಯುತ್ತಿದೆ.

ಆದರೆ ಇದು ಭಾರೀ ದುಂದುಗಾರ ಯಂತ್ರ. ಮನೆಯ ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ಶಬ್ದವಾಗುವುದು ಶೇ. 1ರ ಆಸುಪಾಸು. ಉಳಿದದ್ದು ಬಹುಪಾಲು ಕಾಯಿಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ವಾಲ್ಯೂಮ್ ಜಾಸ್ತಿ ಇಟ್ಟು ಕಾಯಿಲ್ ಸುಟ್ಟಾಗ ಬರುವ ವಾರ್ನಿಷ್ ವಾಸನೆ ರಿಪೇರಿಯವರಿಗೆಲ್ಲ ಪರಿಚಿತ.

ಊರಹಬ್ಬದಲ್ಲಿ ಕಂಬಕ್ಕೆ ಕಟ್ಟುವ ಹಾರ್ನ್ ನೋಡಿ. ಮೂವತ್ತು ವ್ಯಾಟಿಗೇ ಪಕ್ಕದೂರಿಗೆ ಕೇಳಿಸುತ್ತದೆ, ಅಲ್ವಾ? ಒಳಗಿನ ಪರದೆ ಅಂಗೈಗಿಂತ ಚಿಕ್ಕದು. ನಿಧಾನಕ್ಕೆ ಅಗಲವಾಗುವ ಆ ಬಾಯಿಯಿಂದಾಗಿ ಪರದೆಗೆ ಗಾಳಿಯನ್ನು ಬಿಗಿಯಾಗಿ ತಳ್ಳಲು ಆಗುತ್ತದೆ, ಶಕ್ತಿ ಅಷ್ಟು ಪೋಲಾಗುವುದಿಲ್ಲ. ಜೊತೆಗೆ ಶಬ್ದವೆಲ್ಲ ಒಂದೇ ಕಡೆ ನುಗ್ಗುತ್ತದೆ. ಬೇಸ್ ಮಾತ್ರ ಕೇಳಬೇಡಿ. ನಾದಸ್ವರ ಅದರಲ್ಲಿ ಕಿವಿ ಸೀಳುತ್ತದೆ, ಡೊಳ್ಳು ತಗಡಿನ ಡಬ್ಬಿಯಾಗುತ್ತದೆ.

ಹಾಗಾಗಿ ಕೊಳ್ಳುವಾಗ ಸೆನ್ಸಿಟಿವಿಟಿ ಎಷ್ಟು ಅಂತ ಕೇಳಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಸದ್ದಿನ ಮಟ್ಟ ಅದು, ಡೆಸಿಬೆಲ್ ಲೆಕ್ಕದಲ್ಲಿ. ಸದ್ದು 3 ಡೆಸಿಬೆಲ್ ಏರಬೇಕೆಂದರೆ ವ್ಯಾಟ್ ದುಪ್ಪಟ್ಟಾಗಬೇಕು. ಒಂದರದ್ದು 88, ಇನ್ನೊಂದರದ್ದು 91 ಇದ್ದರೆ, ಎರಡನೆಯದು 50 ವ್ಯಾಟಿನಲ್ಲಿ ಮಾಡುವ ಸದ್ದಿಗೆ ಮೊದಲನೆಯದಕ್ಕೆ 100 ವ್ಯಾಟ್ ಬೇಕು. ಪುಟ್ಟ ಬ್ಲೂಟೂತ್ ಸ್ಪೀಕರುಗಳ ಮೇಲೆ ಇದನ್ನು ಬರೆಯುವುದೇ ಅಪರೂಪ. ಅಂಥದಕ್ಕೆ ಅಂಗಡಿಯಲ್ಲೇ ನಿಮ್ಮ ಫೋನಿನ ಹಾಡು ಹಾಕಿಸಿ ಕೇಳಿ, ಆಮೇಲೆ ದುಡ್ಡು ಕೊಡಿ.