ಇಂಟರ್ನೆಟ್ ಇಲ್ಲದ ಪಾಠಪೆಟ್ಟಿಗೆ: ಗಡಿಯಾರದ ಕಾಟ ಮುಗಿಯಿತು

ಪೆಟ್ಟಿಗೆ ಈಗ ಓಡುತ್ತಿದೆ. ಒಳಗಿರುವುದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಕಡತಗಳನ್ನಿಡಲು ಒಂದು ಎಸ್‌ಎಸ್‌ಡಿ, ಇಂಟರ್ನೆಟ್ ಇಲ್ಲದೆಯೇ ಪಾಠ ಒದಗಿಸುವ ಕೊಲಿಬ್ರಿ ತಂತ್ರಾಂಶ. ಸ್ವಿಚ್ ಹಾಕಿದರೆ ತನ್ನದೇ ವೈಫೈ ಹರಡುತ್ತದೆ. ಅದಕ್ಕೆ ಸೇರಿಕೊಂಡ ಮೊಬೈಲ್‌ಗಳ ಬ್ರೌಸರ್‌ನಲ್ಲೇ ಪಾಠ, ಅಭ್ಯಾಸ ಪ್ರಶ್ನೆ ಎಲ್ಲ ತೆರೆಯುತ್ತವೆ.

ವಿಡಿಯೊಗಳು ಅಷ್ಟೇನೂ ಸತಾಯಿಸಲಿಲ್ಲ. ನಾನೇ ಸೇರಿಸಿದ ಪಾಠಗಳನ್ನು 720ಪಿಯಿಂದ 360ಪಿಗೆ ಇಳಿಸಿದೆ. ಗಣಿತಕ್ಕೆ ಧಾರಾಳವಾಗಿ ಸಾಕು. ಪ್ರೋಗ್ರಾಮಿಂಗ್ ಪಾಠಗಳಲ್ಲಿ ಮಾತ್ರ ಕೋಲನ್ ಯಾವುದು, ಸೆಮಿಕೋಲನ್ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗಿತ್ತು. ಅವನ್ನು ಮೂಲ ಗಾತ್ರದಲ್ಲೇ ಉಳಿಸಿದೆ. ವಿಡಿಯೊ ಕುಗ್ಗಿಸುವ ವಿಧಾನಗಳಲ್ಲಿ ಎಚ್.265 ಇನ್ನಷ್ಟು ಜಾಗ ಉಳಿಸುತ್ತದೆ ನಿಜ, ಆದರೆ ಹಳೆಯ ಮೊಬೈಲ್‌ಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಎಲ್ಲವೂ ಅದಕ್ಕಿಂತ ಹಳೆಯ ಎಚ್.264.

ನಿಜವಾದ ತಲೆನೋವು ಗಡಿಯಾರದ್ದು. ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವೇ ಇಲ್ಲ. ಸಮಯವನ್ನು ಅದು ಇಂಟರ್ನೆಟ್‌ನಿಂದ ಕೇಳಿ ತಿಳಿದುಕೊಳ್ಳುತ್ತದೆ. ಕೇಳಲು ಯಾರೂ ಇಲ್ಲದಿದ್ದರೆ, ಸ್ವಿಚ್ ಆರಿಸಿದಾಗ ಎಷ್ಟು ಗಂಟೆಯಾಗಿತ್ತೋ ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಶುಕ್ರವಾರ ಆರಿಸಿ ಸೋಮವಾರ ಹಾಕಿದರೆ ಅದಕ್ಕೆ ಇನ್ನೂ ಶುಕ್ರವಾರವೇ. ವಿಡಿಯೊ ನೋಡುವವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಯಾರು ಯಾವ ಅಭ್ಯಾಸವನ್ನು ಎಂದು ಮುಗಿಸಿದರು ಎಂಬ ದಾಖಲೆ ಕಲಸುಮೇಲೋಗರವಾಗುತ್ತದೆ, ಕಲಿಸುವವರು ನಂಬುವುದು ಆ ದಾಖಲೆಯನ್ನೇ. ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡನ್ನು ಪಿನ್ನುಗಳಿಗೆ ಸಿಕ್ಕಿಸಿ, ಗುಂಡಿ ಸೆಲ್ ಹಾಕಿದ ಮೇಲೆ ಕಾಟ ತಪ್ಪಿತು. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಇನ್ನೊಂದು ಕಿರಿಕಿರಿ: ಆಂಡ್ರಾಯ್ಡ್ ಮೊಬೈಲ್ ವೈಫೈಗೆ ಸೇರಿದ ಕೂಡಲೇ ಹೊರಗಿನ ಸರ್ವರ್‌ಗೆ ಕರೆ ಕಳುಹಿಸಿ, 204 ಎಂಬ ಸಂಕೇತದ ಉತ್ತರಕ್ಕೆ ಕಾಯುತ್ತದೆ. ಬಾರದಿದ್ದರೆ ‘ಇಂಟರ್ನೆಟ್ ಇಲ್ಲ’ ಎಂದು ಗೊಣಗುತ್ತದೆ. ಕೆಲವು ಮೊಬೈಲ್‌ಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುತ್ತವೆ. ಪೆಟ್ಟಿಗೆಯಿಂದಲೇ ಸುಳ್ಳು ಉತ್ತರ ಕೊಡಿಸಲು ನೋಡಬಹುದು. ನನಗೆ ಅದು ಸರಿಕಾಣಲಿಲ್ಲ. ಇಂಟರ್ನೆಟ್ ಇದೆಯೆಂದು ನಂಬಿ ಉಳಿದ ಆ್ಯಪ್‌ಗಳೆಲ್ಲ ಸುಮ್ಮನೆ ಒದ್ದಾಡುತ್ತವೆ. ‘ಆದರೂ ಸಂಪರ್ಕದಲ್ಲಿರಿ’ ಎಂಬುದನ್ನು ಒತ್ತಿ ಎಂದು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದೇನೆ.

ಬಿಟ್ಟಿ ನೋಡಲು ಸಿಗುವುದೆಲ್ಲ ನಕಲು ಮಾಡಿ ಹಂಚಲು ಸಿಗುವುದಿಲ್ಲ. ಅಮೆರಿಕದ ಎಂಐಟಿಯ ಪಾಠಸಂಗ್ರಹವಾದ ಓಪನ್‌ಕೋರ್ಸ್‌ವೇರ್‌ನಂತೆ, ಹಂಚಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದನ್ನಷ್ಟೇ ತುಂಬಿಸಿದ್ದೇನೆ.

ಮುಂದಿನದು ಪೆನ್‌ಡ್ರೈವ್ ಮೂಲಕ ಹೊಸ ಪಾಠ ಸೇರಿಸುವ ಕೆಲಸ. ಇಂಟರ್ನೆಟ್ ಇಲ್ಲದೆ ಓದಲು ಕಿವಿಕ್ಸ್ ತಂತ್ರಾಂಶ ಬಳಸುವ ವಿಕಿಪೀಡಿಯ ಕಡತವನ್ನೂ ಅದರಲ್ಲೇ ಒಯ್ಯಬೇಕು. ಪೆನ್‌ಡ್ರೈವ್‌ನಲ್ಲಿ ಕಡತ ಜೋಡಿಸುವ ಹಳೆಯ ವಿಧಾನವಾದ ಎಫ್‌ಎಟಿ32ರಲ್ಲಿ 4 ಜಿಬಿ ಮೀರಿದ ಕಡತ ಹಿಡಿಸುವುದಿಲ್ಲವಾದ್ದರಿಂದ ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸುತ್ತಿದ್ದೇನೆ.