ಚಳಿಗಾಲದಲ್ಲಿ ಐದು ನಿಮಿಷವೂ ಲೆಕ್ಕಕ್ಕಿದೆ

ಚಳಿ ಜಾಸ್ತಿಯಾದಂತೆ ವ್ಯಾಯಾಮಕ್ಕೆ ಮನಸ್ಸು ಹಿಂದೇಟು ಹಾಕುತ್ತದೆ, ಅಲ್ವಾ? ಬೆಳಕು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಮೈಯೂ ಬಿಗಿದುಕೊಂಡಿರುತ್ತದೆ. ಇದನ್ನು ಸೋಮಾರಿತನ ಅಂತ ಬೈದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು ಒಂದು ಸಲಕ್ಕೆ 10 ನಿಮಿಷವಾದರೂ ಇರಬೇಕು ಅಂತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ತೆಗೆದುಹಾಕಿದರು. ಎಷ್ಟು ಹೊತ್ತು ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಓದಿ ನನಗೆ ನಿಜವಾಗಿಯೂ ಸಮಾಧಾನವಾಯಿತು. ಈಗ ರಾತ್ರಿಯೇ ಸ್ವೆಟರ್, ಸಾಕ್ಸ್, ಶೂ ಎಲ್ಲಾ ಬಾಗಿಲ ಹತ್ತಿರ ಇಟ್ಟು ಮಲಗುತ್ತೇನೆ. ಎದ್ದ ಮೇಲೆ ಮೊದಲು ಮನೆಯೊಳಗೇ ಕೈ ತಿರುಗಿಸಿ, ಮಂಡಿ ಮಡಚಿ, ನಿಂತಲ್ಲೇ ಹೆಜ್ಜೆ ಹಾಕುತ್ತೇನೆ. ಮೈ ಬಿಸಿಯಾದ ಮೇಲೆ ಹೊರಗೆ ಕಾಲಿಡುವುದು ಅಷ್ಟು ಕಷ್ಟವಲ್ಲ.

ಊಟದಲ್ಲಿ ಇಷ್ಟದ್ದನ್ನು ಯಾವುದನ್ನೂ ಬಿಟ್ಟಿಲ್ಲ. ಬಿಸಿಬಿಸಿ ಏನಾದರೂ ಬೇಕು ಅನ್ನಿಸಿದಾಗ ತರಕಾರಿ ಸೂಪ್ ಮಾಡಿಕೊಳ್ಳುತ್ತೇನೆ, ಅಷ್ಟೇ. ನೀರು ಕುಡಿಯುವುದನ್ನು ಮಾತ್ರ ಮರೆಯಬೇಡಿ. ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೂ ಮೈಗೆ ನೀರು ಬೇಕೇ ಬೇಕು. ನಾನು ಬೆಚ್ಚಗಿನ ನೀರನ್ನು ಫ್ಲಾಸ್ಕ್‌ಗೆ ತುಂಬಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.