ಬ್ಲಾಕ್‌ಬೋರ್ಡ್ ಒಳಗೆ ಮುಳುಗಿದ ಹುಡುಗಿ

ನಿನ್ನೆ ರಾತ್ರಿ 'ಹಲೋ ಮೇರಿ ಲೂ: ಪ್ರಾಮ್ ನೈಟ್ 2' ಮತ್ತೆ ನೋಡಿದೆ. 1987ರ ಕೆನಡಾ ಸಿನಿಮಾ. 1957ರ ಪ್ರಾಮ್ ರಾತ್ರಿ (ಪ್ರಾಮ್ ಅಂದರೆ ಅಲ್ಲಿನ ಹೈಸ್ಕೂಲುಗಳ ವರ್ಷಾಂತ್ಯದ ಡ್ಯಾನ್ಸ್ ಪಾರ್ಟಿ), ತಲೆಗೆ ರಾಣಿ ಕಿರೀಟ ಏರುವ ಹೊತ್ತಿಗೇ ಬೆಂಕಿ ಹತ್ತಿ ಸತ್ತ ಮೇರಿ ಲೂ, ಮೂವತ್ತು ವರ್ಷ ಆದಮೇಲೆ ಅದೇ ಹೈಸ್ಕೂಲಿನ ಸಾಧು ಹುಡುಗಿ ವಿಕಿಯ ಮೈಮೇಲೆ ಬರುತ್ತಾಳೆ. ನಗಿಸುವ ಜಾಗಗಳೂ ಬೇಕಾದಷ್ಟಿವೆ. ಆದರೆ ಆ ಬ್ಲಾಕ್‌ಬೋರ್ಡ್ ದೃಶ್ಯ! ಬೋರ್ಡು ಕಪ್ಪು ನೀರಿನ ಹಾಗೆ ಅಲೆಯಾಡಿ ವಿಕಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಈಗಲೂ ಮೈ ಜುಮ್ಮೆಂದಿತು.

ಮೈಕಲ್ ಐರನ್‌ಸೈಡ್ ಮಾಡಿರುವ ಬಿಲ್ ಪಾತ್ರ ಮಾತ್ರ ಬೆಳಗ್ಗೆಯಿಂದ ತಲೆಯಲ್ಲೇ ಕೂತಿದೆ. ಮೇರಿ ಲೂಗೆ ಅವಮಾನ ಮಾಡಲು ಹೋಗಿ ಜೀವವನ್ನೇ ತೆಗೆದ ಹುಡುಗ, ಈಗ ಅದೇ ಸ್ಕೂಲಿನ ಪ್ರಿನ್ಸಿಪಾಲ್. ಅವಳು ಸತ್ತ ಆ ಸ್ಟೇಜ್ ಮುಂದೆ ದಿನಾ ಹೇಗೆ ಓಡಾಡಿದನೋ, ಅಲ್ವಾ?